ಮಳೆ ಅಳೆಯುವವನಿಗೆ ಭೂಕಂಪದ ಉಸಾಬರಿ

ಏನೇ ಕೆಟ್ಟರೂ ಅದಕ್ಕೊಬ್ಬ ಹೊಣೆಗಾರ ಕೂಗಳತೆಯಲ್ಲೇ ಸಿಗಬೇಕೆಂದು ಜನ ಬಯಸುತ್ತಾರೆ. ನಮ್ಮ ಊರು ಮಂಡೆಕೋಲಿನಲ್ಲಿ ಆ ಕೂಗಳತೆಯವನು ನಾನು. ಕಾರಣ, ನಾನು ಮಳೆ ಅಳೆಯುತ್ತೇನೆ. ಇದು ನಮ್ಮ ಸೀಮೆಯ ಚಟ. ಪುತ್ತೂರು, ಸುಳ್ಯ, ಕಡಬದ ಎಷ್ಟೋ ಕೃಷಿಕರು ಬೆಳಿಗ್ಗೆ ದೇವರಿಗೆ ಕೈ ಮುಗಿಯುವ ಮೊದಲೇ ಅಂಗಳದ ಮಳೆಮಾಪಕಕ್ಕೆ ಬಗ್ಗುತ್ತಾರೆ. ಎಷ್ಟು ಮಿಲ್ಲಿಮೀಟರ್ ಎಂದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ನಮ್ಮದೇ ತಾಲೂಕಿನ ಕೊಲ್ಲಮೊಗ್ರಿನಲ್ಲಿ ನಮಗಿಂತ ಹೆಚ್ಚು ಬಿದ್ದರೆ ನನಗೆ ಅವತ್ತಿನ ಕಾಫಿ ರುಚಿಸುವುದಿಲ್ಲ.

ಈ ಮಳೆಗಾಲದ ಒಂದು ಬೆಳಿಗ್ಗೆ ಭೂಮಿ ಸಣ್ಣಗೆ ನಡುಗಿತು. ಅಡುಗೆಮನೆಯ ಪಾತ್ರೆಗಳು ಸದ್ದು ಮಾಡಿದವು, ಅಷ್ಟೆ. ಆದರೆ ನೆರೆಮನೆಯ ಕುಶಾಲಪ್ಪ ಗೌಡರು ಅಂಗಳಕ್ಕೇ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. "ಎಂತ ಮಾರಾಯ್ರೆ, ಬೇಸಿಗೆಯ ಸೆಕೆಗೆ ನೆಲ ಒಡೆದಿತ್ತು. ಈಗ ನೀರೆಲ್ಲ ಒಳಗೆ ಹೋಗಿ ಅಲುಗಿದ್ದು. ಮಳೆಯ ಲೆಕ್ಕ ನಿಮ್ಮತ್ರ ಉಂಟು. ಮೊದಲೇ ಒಂದು ಮಾತು ಹೇಳುದಲ್ವಾ?"

ನನಗೆ ಮೈಯೆಲ್ಲ ಉರಿಯಿತು. ನೆಲಕ್ಕಿಳಿದ ನೀರಿಗೂ ಕಂಪನಕ್ಕೂ ನಂಟುಂಟೋ ಇಲ್ಲವೋ ಎಂದು ವಿಜ್ಞಾನಿಗಳೇ ತಲೆ ಕೆರೆದುಕೊಳ್ಳುತ್ತಿರುವಾಗ, ಒಂದು ಡಬ್ಬಿ, ಒಂದು ಅಳತೆಗ್ಲಾಸು ಇಟ್ಟುಕೊಂಡ ನಾನು ಹೇಳಬೇಕಂತೆ! ಗುಂಪಿನಲ್ಲೊಬ್ಬ, "ನಾಳೆ ಮಳೆ ಎಷ್ಟು, ಭೂಕಂಪ ಎಷ್ಟು?" ಎಂದು ಕೇಳಿಯೇಬಿಟ್ಟ. ವರ್ಷಗಟ್ಟಲೆ ಒಂದು ದಿನವೂ ತಪ್ಪದೆ ಲೆಕ್ಕ ಹಾಕಿದವನಿಗೆ ಇದೇ ಮರ್ಯಾದೆ!

ನಿಮ್ಮಲ್ಲಿ ಮಾತ್ರ ಹೇಳುತ್ತೇನೆ. ನೆಲ ನಡುಗಿದ ಆ ಗಳಿಗೆಯಲ್ಲಿ ಗ್ಲಾಸು ನನ್ನ ಕೈಯಲ್ಲೇ ಇತ್ತು. ಒಳಗಿನ ನೀರು ಕುಣಿಯಿತು. ಶುಗರ್ ಇಳಿಯಿತೆಂದುಕೊಂಡು ನಾನು ಒಳಗೆ ಹೋಗಿ ಕದಳಿ ಬಾಳೆಹಣ್ಣು ತಿಂದೆ.

ಮರುದಿನ ಬೆಳಿಗ್ಗೆ ಜಡಿಮಳೆ. ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ಅಳೆಯಲು ನಿಂತಿದ್ದೆ. ಬಾಯಲ್ಲಿ ಗೌಡರ ಸಹಸ್ರನಾಮ ನಡೆದಿತ್ತು. ನೋಡುತ್ತೇನೆ, ಗ್ಲಾಸಿನ ನೀರು ಮತ್ತೆ ಕುಣಿಯುತ್ತಿದೆ! ಈ ಸಲವಾದರೂ ಮಾನ ಉಳಿಯಬೇಕು. "ಭೂಕಂಪ! ಹೊರಗೆ ಬನ್ನಿ!" ಎಂದು ಬೊಬ್ಬೆ ಹೊಡೆದೆ. ಹೆಂಡತಿ ದೋಸೆಯ ಸಟ್ಟುಗದ ಸಮೇತ ಹಾರಿ ಬಂದಳು. ಗೌಡರ ಮನೆಮಂದಿಯೆಲ್ಲ ಅಂಗಳಕ್ಕಿಳಿದು ತೊಪ್ಪೆಯಾಗಿ ನಿಂತರು. ಭೂಮಿ ಮಾತ್ರ ಮಿಸುಕಲಿಲ್ಲ. ಹೆಂಡತಿ ನನ್ನ ಕೈ ನೋಡಿ, "ಭೂಮಿ ಎಲ್ಲಿ ಅಲುಗಿತು? ಸಿಟ್ಟಿನಲ್ಲಿ ನಿಮ್ಮ ಕೈ ನಡುಗುದು ಕಾಣುದಿಲ್ವಾ?" ಎಂದಳು. ಅಷ್ಟರಲ್ಲಿ ಅಳತೆಯ ನೀರೆಲ್ಲ ಚೆಲ್ಲಿಹೋಗಿತ್ತು.

ಕೊಲ್ಲಮೊಗ್ರನ್ನು ಸೋಲಿಸಬಹುದಾಗಿದ್ದ ಮಳೆ ಅದು. 'ಇವತ್ತು ಲೆಕ್ಕ ಇಲ್ಲ' ಎಂದು ಗುಂಪಿಗೆ ಯಾವ ಮುಖದಿಂದ ಹಾಕುವುದು? ಬೈರಾಸಿನಲ್ಲಿ ತಲೆ ಒರೆಸಿಕೊಳ್ಳುತ್ತ ಗೌಡರು ಹೇಳಿದರು: "ಅಳೆಯುದು ಬೇಡ ಮಾರಾಯ್ರೆ. ಎಷ್ಟು ಬಿತ್ತು ಅಂತ ನಾವೆಲ್ಲ ನೆನೆದು ನೋಡಿ ಆಯ್ತು."

ಕೈ ಮತ್ತೆ ನಡುಗಿತು. ಈ ಸಲ ನಿಜವಾಗಿ ಭೂಮಿಯೇ ನಡುಗಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ.