ಗಿಣಿಯ ಕೊಕ್ಕು

ಆ ದಿನದ ಫಜೀತಿಗೆಲ್ಲ ಮೂಲ ಒಂದು ಗಿಣಿಯ ಕೊಕ್ಕು. ಕೊಂಬೆ ಮುಗಿದಿತ್ತು, ಎಲೆ ಮುಗಿದಿತ್ತು, ಬಾಲವೂ ನೆಟ್ಟಗೆ ಇಳಿಬಿದ್ದಿತ್ತು. ರೆಕ್ಕೆಯಲ್ಲಿ ಆರು ಸಾಲು ಹಾಕಿ, ಕೊಕ್ಕು ಕೂರಿಸಿಬಿಟ್ಟರೆ ಶಿವಯೋಗಪ್ಪನವರ ಒಂದು ವರ್ಷದ ಪಣ ಗೆದ್ದಂತೆ.

"ಇಪ್ಪತ್ತಾರು... ಇಪ್ಪತ್ತೇಳು..."

"ಏನ್ರಿ ಶಿವಯೋಗಪ್ನೋರೆ, ಎಲ್ಲಿಗೆ ಬಂತು ಗಿಣಿ?" ಕಾಂಪೌಂಡ್ ಮೇಲಿಂದ ಪಕ್ಕದ ಮನೆಯ ಗಿಡ್ಡಪ್ಪ ಕತ್ತು ಚಾಚಿದರು.

"ಮಾತಾಡಿಸಬ್ಯಾಡ್ರಿ! ಎಣಿಸ್ತಾ ಇದೀನಿ!"

ಎಣಿಕೆ ತಪ್ಪಿಯೇ ಹೋಯಿತು. ಕೊಕ್ಕು ಗಿಣಿಯ ಕಿವಿಯ ಹತ್ತಿರ ಮೂಡಿತು. ಬಿಚ್ಚಿ ಮತ್ತೆ ಹಾಕಿದರೆ ಎದೆಯ ಮೇಲೆ ಮೂಡಿತು. ಎರಡನೆಯ ಸಲ ಬಿಚ್ಚುವಷ್ಟರಲ್ಲಿ ಕೆಂಪು ದಾರ ನಾರುನಾರಾಗಿ, ಕೆಲಸಕ್ಕೆ ಬಾರದಂತಾಯಿತು.

ಸರಸ್ವತಿ ನಗರದ ಶಿವಯೋಗಪ್ಪನವರು ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಹಚ್ಚಿಕೊಂಡ ಹುಚ್ಚು ಕ್ರಾಸ್ ಸ್ಟಿಚ್. ತೂತುತೂತಿನ ಬಟ್ಟೆ, ಬಣ್ಣದ ದಾರ, ಚೌಕುಳಿ ನಕ್ಷೆ ಎಲ್ಲ ಒಂದೇ ಕಿಟ್ಟಿನಲ್ಲಿ ಬರುತ್ತವೆ. ನಕ್ಷೆಯ ಮನೆ ಎಣಿಸಿ, ಇಂಟು ಗುರುತಿನ ಹಾಗೆ ಎಳೆಯ ಮೇಲೆ ಎಳೆ ಹಾಕುತ್ತ ಹೋದರೆ ಚಿತ್ರ ಮೂಡುತ್ತದೆ. ಇದನ್ನು ಕಂಡು ಗಿಡ್ಡಪ್ಪ, ಬೆಳಗಿನ ವಾಕಿಂಗ್ ಗುಂಪಿನ ಎದುರೇ, "ಗಂಡಸಿನ ಕೈಯಾಗ ಸೂಜಿ ಎಷ್ಟ್ ದಿನ ನಿಂತೀತು?" ಎಂದು ಕಿಸಕ್ಕನೆ ನಕ್ಕಿದ್ದರು.

ಶಿವಯೋಗಪ್ಪನವರಿಗೆ ರೇಗಿತು. ವರ್ಷಕ್ಕೆ ಹನ್ನೆರಡು ಕಿಟ್, ಎಲ್ಲವೂ ತನ್ನ ಕೈಯಾರೆ! ಗೆದ್ದರೆ ಗಿಡ್ಡಪ್ಪ ತಮ್ಮ ಪಡಸಾಲೆಯಲ್ಲಿರುವ ಸನ್ಮಾನದ ಫೋಟೋಗಳನ್ನೆಲ್ಲ ಇಳಿಸಿ ಈ ಹನ್ನೆರಡನ್ನೂ ತೂಗುಹಾಕಬೇಕು. ಸೋತರೆ ಶಿವಯೋಗಪ್ಪನವರು ಸೂಜಿ ಬಿಟ್ಟು, ಗಿಡ್ಡಪ್ಪನವರ ನಗೆಕೂಟ ಸೇರಿ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಕೈಯೆತ್ತಿ ಹಹಹಾ ಅನ್ನಬೇಕು. ಕಿಟ್ ಮಾರುವ ಹರಿಹರದ ಶಹರ್ಬಾನು ತೀರ್ಪುಗಾರ್ತಿ. ಗಡುವು ಇವತ್ತು ಸಂಜೆ ಐದು.

ಹನ್ನೊಂದು ಕಿಟ್ ಸಲೀಸಾಗಿ ಮುಗಿದಿದ್ದವು. "ಮಧ್ಯಾಹ್ನ ಒಂದ್ ನಿದ್ದೆ ತೆಗೆದು ಎದ್ರೆ, ಹಾಕಿದ್ದಕ್ಕಿಂತ ಎರಡು ಸಾಲು ಹೆಚ್ಚೇ ಕಾಣತೈತೆ. ಕೈ ಪಳಗಿದ ಮ್ಯಾಲೆ ಹಂಗೇ!" ಎಂದು ಅವರು ವಾಕಿಂಗ್‌ನಲ್ಲಿ ಕೊಚ್ಚಿಕೊಳ್ಳುತ್ತಿದ್ದರು. ಈ ಗಿಣಿ ಮಾತ್ರ ಆಮೆಯಾಗಿತ್ತು. ಹೆಂಡತಿ ಕಸ್ತೂರಮ್ಮ, ಕಾಲು ಮುರಿದುಕೊಂಡ ತಂಗಿಯ ಆರೈಕೆಗೆಂದು ತಿಂಗಳು ಪೂರ್ತಿ ಲೋಕಿಕೆರೆಯಲ್ಲಿದ್ದು ನಿನ್ನೆಯಷ್ಟೇ ಬಂದಿದ್ದರು. ಅಡುಗೆ, ಪಾತ್ರೆ ಎಲ್ಲ ತನ್ನ ತಲೆಗೆ ಬಿದ್ದದ್ದರಿಂದಲೇ ತಡವಾಯಿತೆಂದು ಶಿವಯೋಗಪ್ಪನವರ ನಂಬಿಕೆ.

"ದಾರ ಹರಿಹರದಾಗೇ ತಗೊಂಡು ಅಲ್ಲೇ ಮುಗಿಸಿದ್ರಾತು. ನಡೀರಿ," ಎಂದರು ಕಸ್ತೂರಮ್ಮ, ಎಡಗೈಯಲ್ಲಿ ಸೌಟು ಆಡಿಸುತ್ತ. ಬುತ್ತಿಯ ಜೊತೆ ಮುಗಿದ ಹನ್ನೊಂದನ್ನೂ ಕಟ್ಟಿಕೊಂಡು ತಾವೂ ಹೊರಟರು. ಮೋಸ ಆಗಬಾರದೆಂದು ಗಿಡ್ಡಪ್ಪನೂ ಹೊರಟರು.

ಬಸ್ಸಿನಲ್ಲಿ ಶಿವಯೋಗಪ್ಪನವರು ತೊಡೆಯ ಮೇಲೆ ಬಟ್ಟೆ ಹರವಿ ರೆಕ್ಕೆಗೆ ಕೂತರು. ಬಸ್ಸು ಕುಲುಕಿದರೂ ಸೂಜಿ ನಿಲ್ಲಲಿಲ್ಲ. ಆರು ಸಾಲು ಮುಗಿದೇ ಮುಗಿಯಿತು. ಹರಿಹರದಲ್ಲಿ ಇಳಿಯಲೆಂದು ಎದ್ದರೆ ಗಿಣಿ ಪಂಚೆಯನ್ನೂ ಎತ್ತಿಕೊಂಡೇ ಎದ್ದಿತು. ಆರೂ ಸಾಲು ಪಂಚೆಗೆ ಸೇರಿಸಿ ಹೊಲಿದಿದ್ದರು!

"ಕೊಡ್ರಿ ಇಲ್ಲಿ, ನಾ ಬಿಚ್ಚತೀನಿ," ಎಂದು ಕಸ್ತೂರಮ್ಮ ಕೈ ಹಾಕಿದರು.

"ತಾಯೀ, ನೀವು ಮುಟ್ಟಂಗಿಲ್ಲ! ಅವರ ಕೈಯಾರೆ ಅಂತ ಮಾತಾಗೈತೆ!" ಗಿಡ್ಡಪ್ಪ ಅಡ್ಡ ಬಂದರು. ಕಸ್ತೂರಮ್ಮ ಬೆಚ್ಚಿ ಕೈ ಹಿಂತೆಗೆದರು.

ಮೊಣಕಾಲಿಗೆ ಗಿಣಿ ಜೋತುಹಾಕಿಕೊಂಡೇ ಶಿವಯೋಗಪ್ಪನವರು ಪೇಟೆಯಲ್ಲಿ ನಡೆದರು. ಹಣ್ಣಿನ ಗಾಡಿಯವನು, "ಯಜಮಾನ್ರೆ, ಪಂಚೆಯಾಗ ಏನೋ ಕುಂತೈತ್ರಿ," ಎಂದ. ಅವರು ತಿರುಗಿಯೂ ನೋಡಲಿಲ್ಲ.

ಅಂಗಡಿಯಲ್ಲಿ ಶಹರ್ಬಾನು ಸ್ಟೂಲು ಕೊಟ್ಟರು, ಕತ್ತರಿ ಕೊಟ್ಟರು, ದಾರ ಕೊಟ್ಟರು. ಶಿವಯೋಗಪ್ಪನವರು ಬುತ್ತಿ ಬಿಚ್ಚಲಿಲ್ಲ, ನೀರು ಕುಡಿಯಲಿಲ್ಲ. ಆರೂ ಸಾಲು ಕಿತ್ತು ಮತ್ತೆ ಹಾಕಿದರು. ಐದಕ್ಕೆ ಐದು ನಿಮಿಷ ಇರುವಾಗ ಕೊಕ್ಕಿನ ಕೊನೆಯ ಹೊಲಿಗೆ ಬಿತ್ತು. ಅವರ ಕಣ್ಣು ತುಂಬಿ ಬಂತು.

ಶಹರ್ಬಾನು ಹನ್ನೆರಡನ್ನೂ ಗಲ್ಲಾ ಮೇಜಿನ ಮೇಲೆ ಹರವಿದರು. ಮುಂದೆ ನೋಡಿದರು, ಮಗುಚಿ ಹಿಂದೆ ನೋಡಿದರು. ಹುಬ್ಬು ಒಮ್ಮೆ ಗಂಟಾಯಿತು. ಆದರೂ, "ಆತು ಅಣ್ಣಾರೆ, ಹನ್ನೆರಡು ಪೂರಾ," ಎಂದರು.

ಮೂವತ್ತೈದು ವರ್ಷ ಅಂಚೆಯಲ್ಲಿದ್ದವರಿಗೆ ಬಾಯಿಮಾತು ಸಾಲದು. "ಕಾಗದದ ಮ್ಯಾಲೆ ಬರ್ಕೊಡ್ರಿ ಅಕ್ಕಾರೆ. ಎಲ್ಲಾ ನನ್ನ ಕೈಯಾರೆ ಅಂತ. ಕೆಳಗ ಒಂದು ಸಾಕ್ಷಿ ಸೈನ್ ಇರ್ಲಿ," ಎಂದು ಹಟ ಹಿಡಿದರು.

ಶಹರ್ಬಾನು ಬರೆದರು. ಗಿಡ್ಡಪ್ಪ ಮುಖ ಹುಳ್ಳಗೆ ಮಾಡಿ, "ನಾ ಕನ್ನಡಕ ತಂದಿಲ್ಲ," ಎಂದರು.

"ಹಂಗಾರೆ ನೀ ಹಾಕೇ," ಎಂದು ಶಿವಯೋಗಪ್ಪನವರು ಪೆನ್ನನ್ನು ಹೆಂಡತಿಗೆ ಚಾಚಿದರು.

ಕಸ್ತೂರಮ್ಮ ಅಳುಕುತ್ತ ಪೆನ್ನು ಹಿಡಿದು ಬಗ್ಗಿದರು.

"ತಡೀರಿ ಅಮ್ಮಾರೆ," ಎಂದರು ಶಹರ್ಬಾನು. "ನೀವು ಎಡಚರಾ?"

ಕಸ್ತೂರಮ್ಮ ಗಡಬಡಿಸಿ ಪೆನ್ನನ್ನು ಬಲಗೈಗೆ ದಾಟಿಸಿದರು.

"ಆಗ್ಲಿಂದ ನಂಗೊಂದು ಅನುಮಾನ. ಈ ಗಿಣಿಯಾಗ ಎಲ್ಲಾ ಮ್ಯಾಲಿನ ಎಳೆ ಒಂದೇ ಕಡೆ ವಾಲೈತೆ. ಉಳಿದ ಹನ್ನೊಂದರಾಗೂ ನಡುನಡುವೆ ಎರಡೆರಡು ಸಾಲು ಉಲ್ಟಾ ವಾಲೈತೆ. ಎಡಗೈನೋರು ಹಾಕಿದಂಗೆ."

ಶಿವಯೋಗಪ್ಪನವರು ಬಾಯಿ ತೆರೆದು ಹೆಂಡತಿಯತ್ತ ನೋಡಿದರು. ಅವರ ಮಧ್ಯಾಹ್ನದ ನಿದ್ದೆಯ ಪವಾಡವೆಲ್ಲ ತಲೆ ತಗ್ಗಿಸಿ ಎದುರಿಗೇ ನಿಂತಿತ್ತು.

"ವಾಕಿಂಗ್‌ನೋರ ಮುಂದ ನೀವು ತಲೆ ತಗ್ಗಿಸಬಾರ್ದು ಅಂತ ಮೊದಲು ಒಂದೆರಡು ಸಾಲು ಹಾಕಿದೆ ಕಣ್ರಿ," ಎಂದರು ಕಸ್ತೂರಮ್ಮ. "ಆಮ್ಯಾಲೆ... ಬಿಡಾಕೆ ಮನಸಾಗ್ಲಿಲ್ಲ."

ಸಿಟ್ಟು ಮಾಡಬೇಕೆಂದು ಹೊರಟ ಶಿವಯೋಗಪ್ಪನವರು, ಬರೆಸಿದ ಕಾಗದವನ್ನು ತಾವೇ ಹರಿದು ಹಾಕಿದರು. ಇಡೀ ವರ್ಷ ತನ್ನ ಮಾನ ಕಾಯ್ದವಳನ್ನು ಏನೆಂದು ಬೈಯುವುದು?

"ಒಂದ್ ಮಾತು ಹೇಳಲಾ ಅಣ್ಣಾರೆ? ಉಲ್ಟಾ ಸಾಲೇ ಭಾಳ ನೀಟಾಗೈತೆ," ಎನ್ನುತ್ತ ಶಹರ್ಬಾನು ಕಪಾಟಿನಿಂದ ಹೊಸ ನವಿಲಿನ ಕಿಟ್ ತೆಗೆದು ಕಸ್ತೂರಮ್ಮನ ಕೈಗಿಟ್ಟರು. "ಇದು ನನ್ನ ಕಡೆಯಿಂದ ಅಮ್ಮಾರೆ."

ವಾಪಸು ಬಸ್ಸಿನಲ್ಲಿ ಗಿಡ್ಡಪ್ಪ ಮುಂದಿನ ಸೀಟಿನಿಂದ ತಿರುಗಿ ಕೂತು, "ಮೊದಲು ಹೊಟ್ಟೆ ಒಳಗೆಳಕೋಬೇಕು, ಆಮ್ಯಾಲೆ ಹಹಹಾ," ಎಂದು ನಾಳೆ ಬೆಳಗಿನ ಪಾಠ ಶುರು ಮಾಡಿದ್ದರು. ಶಿವಯೋಗಪ್ಪನವರು ಬುತ್ತಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿ ಕಿಟಕಿಯ ಬೆಳಕಿಗೆ ಬಟ್ಟೆ ಹಿಡಿದಿದ್ದ ಹೆಂಡತಿಯ ಕಡೆ ಮೆಲ್ಲಗೆ ವಾಲಿದರು.

"ಲೇ, ರಾತ್ರಿ ಅಡಿಗೆಗೆ ಏನೇ?"

"ಮಾತಾಡಿಸಬ್ಯಾಡ್ರಿ," ಎಂದರು ಕಸ್ತೂರಮ್ಮ, ತಲೆಯೆತ್ತದೆ. "ಎಣಿಸ್ತಾ ಇದೀನಿ."