ವಿಂಚು ಬಿಚ್ಚಿದ ಲಾರಿಗೆ ಯಾವ ಕಿಟಕಿ?

ಮಾನ್ಯರೇ, ಮೊದಲು ಕಾಲನ್ನು ಮೇಜಿನಿಂದ ಇಳಿಸಿ, ಟೀ ಲೋಟ ಪಕ್ಕಕ್ಕಿಟ್ಟು ನೆಟ್ಟಗೆ ಕೂತು ಓದಿ. ಅರ್ಧ ಓದಿ ಕೆಳಗಿನವರ ಮೇಜಿಗೆ ತಳ್ಳುವ ಅಭ್ಯಾಸವಿದ್ದರೆ ಇವತ್ತೊಂದು ದಿನ ಬಿಡಿ. ಸೇನೆಯ ಲಾರಿಗಳಿಗೆ ಮಾದರಿ ಸಂಖ್ಯೆ ದಯಪಾಲಿಸುವ ಘನ ಕಚೇರಿಯ ಮುಖ್ಯಸ್ಥರಾದ ತಮಗೆ, ಅಂಥದೇ ಒಂದು ಹಳೇ ಲಾರಿಯ ಮನೆಯ ಅಜ್ಜಿ ಮಾಡುವ ನಮಸ್ಕಾರಗಳು.

ನಮ್ಮ ಮನೆಯವರು ಹರಾಜಿನಲ್ಲಿ ಕೂಗಿ ತಂದ ಲಾರಿಯನ್ನು ಅವರು ಹೋದ ಮೇಲೆ ಮೊಮ್ಮಗಳು ಓಡಿಸುತ್ತಾಳೆ, ಇಟ್ಟಿಗೆ ಹೊಡೆಯುತ್ತಾಳೆ. ಸ್ಟೀರಿಂಗಿನ ಪಕ್ಕದ ತಗಡಿನಲ್ಲಿ ತಾವು ಇಟ್ಟ ಹೆಸರಿದೆ: ಬಿ-ಕೆ-ಟಿ-ಎರಡು. ಬಿ ಎಂದರೆ ಹುಟ್ಟಿದ ವರ್ಷ, ಕೆ ಎಂದರೆ ಮುಂದಿನ ಚಕ್ರವೂ ಎಳೆಯುತ್ತದೆ, ಟಿ ಎಂದರೆ ಹಿಂದೆ ಜೋಡಿ ಆಕ್ಸಲ್, ಎರಡು ಎಂದರೆ ಬಂಪರಿನ ಮೇಲೆ ವಿಂಚಿದೆ, ಅದೇ, ಕೆಸರಿನಲ್ಲಿ ಹೂತಾಗ ತಂತಿಹಗ್ಗ ಸುತ್ತಿ ಎಳೆಯುವ ರಾಟೆ, ವಿಂಚಿಲ್ಲದ್ದು ಒಂದು. ಎಂಥ ಅಚ್ಚುಕಟ್ಟು. ಅಕ್ಷರಗಳು ಮುಗಿದಾಗ ತಾವು ವರ್ಷವನ್ನು ಮತ್ತೆ ಎ-ಯಿಂದ ಶುರುಮಾಡಿ, ತಾತನ ಕಾಲದ ಲಾರಿಗೂ ಮೊಮ್ಮಗನ ಕಾಲದ್ದಕ್ಕೂ ಒಂದೇ ವಯಸ್ಸು ಮಾಡಿದ್ದೀರೆಂದು ನಮ್ಮ ಮೆಕ್ಯಾನಿಕ್ ಹೇಳುತ್ತಾನೆ. ಅಕ್ಷರದ ಮೇಲಿನ ಈ ಹಿಡಿತ ನನ್ನ ಸೊಸೆಗೆ ಎಣ್ಣೆ ಡಬ್ಬಿಯ ಮೇಲೆ ಬಂದರೆ ಸಾಕು.

ಈಗ ಬ್ರೇಕಿನ ಮಾಸ್ಟರ್ ಸಿಲಿಂಡರ್ ಕೈಕೊಟ್ಟಿದೆ. ಮೊಮ್ಮಗಳು ಲಾರಿಯದೂ ತಗಡಿನದೂ ಫೋಟೋ ಹಿಡಿದು ತಮ್ಮ ಬಿಡಿಭಾಗಗಳ ಉಗ್ರಾಣಕ್ಕೆ ಹೋದಳು. ಅಲ್ಲಿ ಒಂದರ ಲಾರಿಗೊಂದು ಕಿಟಕಿ, ಎರಡರ ಲಾರಿಗೊಂದು ಕಿಟಕಿ. ಎರಡರ ಕಿಟಕಿಯ ಗುಮಾಸ್ತರು ಲಾರಿಯ ಫೋಟೋ ನೋಡಿ, ವಿಂಚೇ ಇಲ್ಲವಲ್ಲಮ್ಮ, ಇದು ಒಂದು, ಆ ಕಡೆ ಹೋಗು ಎಂದರಂತೆ. ಒಂದರ ಕಿಟಕಿಯವರು ತಗಡು ನೋಡಿ, ಎರಡು ಅಂತ ಬರೆದಿದೆಯಲ್ಲ, ನನ್ನ ತಲೆ ಯಾಕೆ ತಿನ್ನುತ್ತೀಯ ಎಂದರಂತೆ. ಎರಡು ಕಿಟಕಿಗೂ ಹಿಂದೆ ಇರುವುದು ಒಂದೇ ಕಪಾಟು, ಎರಡು ಮಾದರಿಗೂ ಹೊಂದುವುದು ಅದರಲ್ಲಿದ್ದ ಅದೇ ಸಿಲಿಂಡರ್, ಮತ್ತು ಇಬ್ಬರೂ ಅದಕ್ಕೆ ಬೆನ್ನು ಹಾಕಿ ಕೂತಿದ್ದರು.

ವಿಂಚನ್ನು ನಾನು ಬಿಚ್ಚಿಸಿ ಅಟ್ಟದ ತೊಲೆಗೆ ಹಾಕಿಸಿದ್ದೇನೆ, ಹಿಟ್ಟಿನ ಮೂಟೆ ಏರಿಸಲು. ಇಟ್ಟಿಗೆ ಲಾರಿ ಕೆಸರಿಗಿಳಿಯುವುದಿಲ್ಲ, ನನ್ನ ಸೊಂಟ ಮೂಟೆಗೆ ಬಗ್ಗುವುದಿಲ್ಲ. ಹೋದ ವರ್ಷ ನನ್ನ ಹಲ್ಲೆಲ್ಲ ಕೀಳಿಸಿದರು, ಆದರೂ ಅಮ್ಮನ ನಂಬರು ಬದಲಾಯಿತು, ಊಟ ಪಕ್ಕದ ಕಿಟಕಿಯಲ್ಲಿ ಕೇಳು ಎಂದು ಮಕ್ಕಳು ಯಾರೂ ಹೇಳಲಿಲ್ಲ.

ಆದ್ದರಿಂದ ತಾವು ಅಜ್ಜಿ ವಿಂಚು ಬಿಚ್ಚಿಸಿದ ಲಾರಿಗೆಂದೇ ಒಂದೂವರೆ ಎಂಬ ಮಾದರಿಯನ್ನು ಸೃಷ್ಟಿಸಿ, ಅದಕ್ಕೊಂದು ಕಿಟಕಿ ಕೊರೆಸಿ, ಅಲ್ಲಿ ಕತ್ತು ತಿರುಗಿಸಲು ಬರುವ ಗುಮಾಸ್ತರೊಬ್ಬರನ್ನು ಕೂರಿಸಬೇಕಾಗಿ ವಿನಂತಿ. ಕಷ್ಟವಾದರೆ ತಾವೇ ಬಂದು ಇಳಿಜಾರಿನ ಬುಡದಲ್ಲಿ ನಿಲ್ಲಿ. ಮೇಲಿನಿಂದ ಲಾರಿ ಬಿಡುತ್ತೇವೆ, ಬರುತ್ತಿರುವುದು ಒಂದೋ ಎರಡೋ ನಿಧಾನವಾಗಿ ಯೋಚಿಸಿ ಹೇಳಬಹುದು.

ಗುಜರಿಯವನು ಟೈರಿಗೆ ಒದ್ದು ನೋಡಿ, ತಿಂಗಳು ಕಳೆದರೆ ಒಯ್ಯುತ್ತೇನೆಂದು ಹೇಳಿ ಹೋಗಿದ್ದಾನೆ. ಅದು ಹೋದರೆ ಮೊಮ್ಮಗಳು ಮತ್ತೆ ಕಂಡವರ ಗಾಡಿಗೆ ಡ್ರೈವರ್. ನಿಂತ ಲಾರಿಯ ಗಾಜನ್ನು ದಿನಾ ಬೆಳಿಗ್ಗೆ ಒರೆಸುತ್ತಾಳೆ. ನನಗೆ ನೋಡಲಾಗುವುದಿಲ್ಲ.

ತಮ್ಮ ಮೇಲೆ ಇನ್ನೂ ಚೂರು ವಿಶ್ವಾಸ ಉಳಿಸಿಕೊಂಡಿರುವ,
ಲಾರಿ ಮನೆಯ ಅಜ್ಜಿ

ತಾ.ಕ.: ಗುಜರಿಯವನು ತಗಡು ನೋಡಲಿಲ್ಲ, ಫೋಟೋ ಕೇಳಲಿಲ್ಲ, ದೂರದಿಂದಲೇ ಇದು ಲಾರಿ ಎಂದು ಗುರುತಿಸಿದ, ತಮ್ಮಲ್ಲಿ ಕೆಲಸ ಖಾಲಿಯಿದ್ದರೆ ತಿಳಿಸಿ. ಮುಂದಿನ ತಿಂಗಳು ಕಾಲಿಡುವ ಮೊದಲು ಉತ್ತರ ಬರಬೇಕು. ಕಾಗದ ಬೇಡ, ಸಿಲಿಂಡರನ್ನೇ ಕಳಿಸಿ.