ಕಾಲೇಜಿಗೂ ಸುಳಿ ನೋಡಿದ ಅಣ್ಣ

ಮಕ್ಕಳೇ, ನೀವು ‘ಅಂತರಸಂತೆ ತಾತ’ ಎಂದು ಕರೆಯುವ ಈ ಅಜ್ಜಿಯ ಅಣ್ಣನ ಲೆಕ್ಕದಲ್ಲಿ ಈ ಪ್ರಪಂಚದಲ್ಲಿರುವುದು ಎರಡೇ ಬಗೆ: ಒಂದು ಎತ್ತು, ಇನ್ನೊಂದು ಎತ್ತಿನಂಥದ್ದು! ಡಾಕ್ಟರು, ಪಂಚಾಯಿತಿ ಅಧ್ಯಕ್ಷರು, ಟಿ.ವಿ.ಯಲ್ಲಿ ಸುದ್ದಿ ಓದುವ ಹುಡುಗಿ, ಎಲ್ಲರೂ ಎರಡನೆಯ ಗುಂಪು. ಹಲ್ಲು, ನಡಿಗೆ, ಮೈಮೇಲಿನ ಕೂದಲ ಸುಳಿ ನೋಡಿ ಎತ್ತು ಕೊಳ್ಳುವುದರಲ್ಲೇ ಆಯುಸ್ಸು ಕಳೆದವನು. ಬೇರೆ ಅಳತೆಗೋಲನ್ನು ಎಲ್ಲಿಂದ ತರಬೇಕು, ಪಾಪ!

ಹಾಗಂತ ಅವನ ಅಂದಾಜು ತಪ್ಪುವುದಿಲ್ಲವೆ? ತಪ್ಪುತ್ತದೆ. ಅವನು ಒಪ್ಪುವುದಿಲ್ಲ, ಅಷ್ಟೆ. ಒಮ್ಮೆ ರಾಜಸುಳಿ ಇದೆಯೆಂದು ಹಿಗ್ಗಿ ಹಿಡಿದುಕೊಂಡು ಬಂದ ಎತ್ತು ನೊಗ ಕಂಡ ಕೂಡಲೇ ಮಲಗಿಬಿಡುತ್ತಿತ್ತು. ದಾರಿಯಲ್ಲಿ ಹೋಗುವವರು ಬಿಡುತ್ತಾರೆಯೇ?

“ಏನಣ್ಣೋ, ನಿನ್ನೆತ್ತು ಒಲದ ಮಧ್ಯ ಮಲಗ್ಬುಟ್ಟದಲ್ಲಾ!”

“ಮಲಗಿಲ್ಲ ಕಣ್ಲಾ. ರಾಜಸುಳಿ ಅಲ್ವಾ, ಕೂತ್ಕಂಡೇ ಆಳ್ತಾ ಅದೆ!”

ಇಂಥವನ ಕೈಗೆ ಹೋದ ವರ್ಷ ನಿಮ್ಮಕ್ಕನ ಕಾಲೇಜಿನ ವಿಚಾರ ಸಿಕ್ಕಿತು. ಅವಳಿಗೆ ಎರಡು ಕಡೆ ಸೀಟು ಬಂದಿತ್ತು. ಬೆಂಗಳೂರಿನ ಹೆಸರಾಂತ ವಿಶ್ವವಿದ್ಯಾಲಯವೊಂದರಲ್ಲಿ ಬಿ.ಎಸ್ಸಿ., ಸರ್ಕಾರಿ ಕಾಲೇಜಿನಲ್ಲಿ ನರ್ಸಿಂಗ್. ಮೊದಲನೆಯದರ ಹೆಸರು ಹೇಳಿದರೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಜನ ತಿರುಗಿ ನೋಡುತ್ತಾರೆ. ಎರಡನೆಯದನ್ನು ಮುಗಿಸಿದರೆ ಕೆಲಸ ಸಿಗುತ್ತದೆ. ಸೋಮವಾರದೊಳಗೆ ಒಂದಕ್ಕೆ ಸೇರಬೇಕು. ಇನ್ನೊಂದು ಕೈಬಿಟ್ಟ ಹಾಗೆಯೇ. ನಿಮ್ಮಪ್ಪನಿಗೆ ಹೆಸರಿನ ಮೇಲೆ ಆಸೆ, ನಿಮ್ಮಮ್ಮನಿಗೆ ಕೆಲಸದ ಮೇಲೆ. ನಿಮ್ಮಕ್ಕ? ಅವಳು ನನ್ನ ಹಾಗೆ. ಅಪ್ಪ ಹೇಳಿದಾಗಲೂ ತಲೆ ಆಡಿಸಿದಳು, ಅಮ್ಮ ಹೇಳಿದಾಗಲೂ ತಲೆ ಆಡಿಸಿದಳು.

“ಕಣ್ಣಲ್ಲಿ ನೋಡ್ದೆ ಎಂಗ್ಲಾ ಏಳದು?” ಎಂದು ಅಣ್ಣ ಹೆಗಲಿಗೆ ಟವೆಲ್ ಹಾಕಿಕೊಂಡು ನಿಮ್ಮಪ್ಪನ ಜೊತೆ ಹೊರಟೇಬಿಟ್ಟ.

ವಿಶ್ವವಿದ್ಯಾಲಯದ ಕಲ್ಲಿನ ಹೆಬ್ಬಾಗಿಲ ಮುಂದೆ ನಿಂತು, “ಕೊಂಬು ಸಂದಾಗದೆ” ಎಂದನಂತೆ. ಕಾವಲಿನವನನ್ನು, “ಮೇವು ಎಂಗಪ್ಪಾ ಇಲ್ಲಿ?” ಎಂದು ಕೇಳಿದನಂತೆ. ಆತ ಗಾಬರಿಯಾಗಿ, “ಹುಲ್ಲು ಮುಟ್ಟಂಗಿಲ್ಲ ತಾತ!” ಎಂದನಂತೆ.

ಅಷ್ಟಕ್ಕೇ ಮುಗಿಯಬೇಕಲ್ಲ! ಫೀಸು ಕೇಳಲು ಹೋದವನು ಕಿಂಡಿಯೊಳಗೆ ಕೈ ಹಾಕಿ, ಗುಮಾಸ್ತರ ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಅದು ಆ ಗುಮಾಸ್ತರಿಗೆ ಹೇಗೆ ಗೊತ್ತಾಗಬೇಕು?

“ಕೈ ಬಿಡ್ರೀ! ಏನ್ರೀ ಇದು?”

“ನಿಧಾನ ಸ್ವಾಮಿ. ರೇಟು ಪಕ್ಕದೋರ್ಗೆ ಗೊತ್ತಾಗ್ಬಾರ್ದು.”

“ಮಾವ, ಎಲ್ರಿಗೂ ಒಂದೇ ಫೀಸು ಮಾವ!” ಎಂದು ನಿಮ್ಮಪ್ಪ ಅಂಗಲಾಚಿದ.

“ಎಲ್ಲಾ ದಲ್ಲಾಳೀನೂ ಅಂಗೇ ಅನ್ನದು, ನೀ ಸುಮ್ಕಿರು.”

ಸರ್ಕಾರಿ ಕಾಲೇಜಿನಲ್ಲಿ ಟವೆಲಿಗೆ ಕೆಲಸವೇ ಇರಲಿಲ್ಲ. ಫೀಸನ್ನು ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿದ್ದರು. ಅಣ್ಣನಿಗೆ ಬೇಸರವಾಯಿತು. “ರೇಟ್ನ ಗ್ವಾಡೆ ಮ್ಯಾಲೆ ಬರ್ಯದಾ? ಇದೇನ್ ಯಾಪಾರ್ವಾ, ರೇಷನ್ ಅಂಗ್ಡಿಯಾ?”

ಅವರಿಬ್ಬರೂ ಊರಿಗೆ ಬಂದ ಸಂಜೆ ನಡುಮನೆಯಲ್ಲಿ ಎಲ್ಲರೂ ಕೂತೆವು. ಅಣ್ಣ ತೀರ್ಪು ಕೊಟ್ಟ.

“ದೊಡ್ಡದೇ ಸೈ. ಕೊಂಬದೆ, ಕಳೆ ಅದೆ. ಸೇರ್ಸ್ಬುಡಿ.”

ನಿಮ್ಮಪ್ಪನ ಮುಖ ಅರಳಿತು. ನಿಮ್ಮಮ್ಮ ನೆಲ ನೋಡಿದಳು. ಅಣ್ಣ ನಿಮ್ಮಕ್ಕನ ಕಡೆ ತಿರುಗಿ, “ಏನ್ ಕೂಸು, ಒಪ್ಗೆಯಾ?” ಎಂದ. ಅವಳು ತಲೆ ಆಡಿಸಿದಳು.

ಅಣ್ಣ ಕುರ್ಚಿಯಿಂದೆದ್ದು ಅವಳ ಎದುರು ನೆಲದ ಮೇಲೆ ಕೂತ.

“ತಲೆ ಆಡ್ಸ್‌ಬ್ಯಾಡ ಮಗ. ತಲೇನ ಎತ್ತೂ ಆಡ್ಸ್ತದೆ. ಬಾಯ್ಬುಟ್ಟು ಏಳು.”

ನಿಮ್ಮಕ್ಕ ಅಪ್ಪನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದಳು. ಕೊನೆಗೆ, “ನಂಗೆ ನರ್ಸಿಂಗೇ ಬೇಕು ತಾತ” ಎಂದಳು. ಧ್ವನಿ ಸಣ್ಣದು, ಆದರೆ ನಡುಮನೆಗೆಲ್ಲ ಕೇಳಿಸಿತು.

“ಅಲ್ಲಾ ಕಣೇ...” ಎಂದ ನಿಮ್ಮಪ್ಪನನ್ನು ಅಣ್ಣ ಕೈ ಎತ್ತಿ ತಡೆದ.

“ಬುಡ್ಲಾ. ನಾನ್ ನೋಡಿದ್ದು ತಪ್ಪು.”

ಮಲಗಿದ ಎತ್ತಿನ ಮುಂದೆ ನಿಂತೂ ಆಡದಿದ್ದ ಮಾತು!

ಎಲ್ಲರೂ ನಕ್ಕರು. ನಾನು ಮಾತ್ರ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಡಿಗೆಮನೆಗೆ ಹೋದೆ. ಯಾಕೆ ಎಂದು ನೀವು ಕೇಳಿದ್ದಿರಿ. ಈಗ ಹೇಳುತ್ತೇನೆ.

ನಾನು ಮದುವೆಗೆ ಬಂದಾಗ ಪಿರಿಯಾಪಟ್ಟಣದ ಕಡೆಯಿಂದ ನನಗೆ ಗಂಡು ಗೊತ್ತಾಗಿತ್ತು. ಮಾರನೆಯ ಬೆಳಿಗ್ಗೆ ನಿಶ್ಚಯದ ಎಲೆಯಡಿಕೆ ಬದಲಾಯಿಸಬೇಕು. ಅಣ್ಣ ಎತ್ತು ನೋಡುವ ನೆಪ ಮಾಡಿ ಆ ಊರಿಗೆ ಹೋಗಿ ಗಂಡನ್ನು ನೋಡಿ ಬಂದ. ನೇರ ಕೊಟ್ಟಿಗೆಗೆ ಬಂದು, ಸಗಣಿ ಬಾಚುತ್ತಿದ್ದ ನನ್ನ ಎದುರು ಕೂತ.

“ಮೇಯಕ್ ಕಟ್ಟುವಾಗ ದನಕ್ಕೆ ಅಗ್ಗ ಉದ್ದ ಬುಡ್ತಾನೆ ಕಣವ್ವ. ನೆಳ್ಳೂ ಎಟುಕ್ತದೆ, ನೀರೂ ಎಟುಕ್ತದೆ. ಒಪ್ಗೆಯಾ?”

ಹೆಣ್ಣನ್ನು ಯಾರೂ ಕೇಳದ ಕಾಲ ಅದು. ನಾನು ತಲೆ ಆಡಿಸಿದೆ. ಆಗ ಅವನು ಹೇಳಿದ್ದೂ ಇದೇ ಮಾತು: ತಲೆಯನ್ನು ಎತ್ತೂ ಆಡಿಸುತ್ತದೆ, ಬಾಯಿ ಬಿಟ್ಟು ಹೇಳು. ನಾನು ಬೇಡವೆಂದಿದ್ದರೆ ಬಂದ ನೆಂಟರನ್ನು ವಾಪಸು ಕಳಿಸಲು ಅವನು ಸಿದ್ಧನಿದ್ದ ಎಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು.

ಆ ಗಂಡೇ ನಿಮ್ಮ ತಾತ; ಅವರು ಇರುವವರೆಗೆ ನಾನು ನೆರಳನ್ನಾಗಲಿ ನೀರನ್ನಾಗಲಿ ಕೇಳಿ ಪಡೆಯಬೇಕಾಗಲಿಲ್ಲ. ಅವತ್ತು ಕೊಟ್ಟಿಗೆಯಲ್ಲಿ ನನ್ನ ಬಾಯಿಂದ ಹೊರಟದ್ದು ಬರೀ ಒಂದು ‘ಹೂಂ’. ನಿಮ್ಮಪ್ಪ, ನಿಮ್ಮಕ್ಕ, ನೀವು, ಎಲ್ಲರೂ ಆ ಒಂದು ‘ಹೂಂ’ ಮೇಲೆ ನಿಂತಿದ್ದೀರಿ, ಮಕ್ಕಳೇ.